ಭೂಮಿಯ ಜಾತಕ ಬರೆದುಕೊಂಡು ಬಂದ ಕಲ್ಲು

ಅಮೆರಿಕದ ಅರಿಜೋನಾದ ಬರಡು ಬಯಲಿನಲ್ಲಿ ಬೋಗುಣಿಯಂಥ ದೊಡ್ಡ ಗುಂಡಿಯೊಂದಿದೆ. ಅಗಲ ಸುಮಾರು 1.2 ಕಿಲೋಮೀಟರ್. ಹೆಚ್ಚು ಕಡಿಮೆ 50,000 ವರ್ಷಗಳ ಹಿಂದೆ ಆಕಾಶದಿಂದ ಬಂದಪ್ಪಳಿಸಿದ ಕಬ್ಬಿಣದ ಬಂಡೆ ತೋಡಿದ ಗುಂಡಿ ಅದು. ಆ ಬಂಡೆಯ ಚೂರುಗಳಿಗೆ ಹತ್ತಿರದ ಕಮರಿಯ ಹೆಸರೇ ಬಂದಿದೆ: ಕ್ಯಾನ್ಯನ್ ಡಯಾಬ್ಲೊ. ಭೂಮಿಗೆ ಎಷ್ಟು ವಯಸ್ಸು ಎಂಬ ಪ್ರಶ್ನೆಗೆ ನಂಬಬಹುದಾದ ಉತ್ತರ ಕೊಟ್ಟಿದ್ದು ಈ ಚೂರುಗಳು.

ಭೂಮಿಯ ಕಲ್ಲನ್ನೇ ಏಕೆ ಕೇಳಬಾರದು? ಕೇಳಿದರೂ ಅದು ಹೇಳಲಾರದು. ಹುಟ್ಟಿದ ಹೊಸತರಲ್ಲಿ ಭೂಮಿ ಕಾದು ಕರಗಿತ್ತು. ಆಮೇಲೂ ಜ್ವಾಲಾಮುಖಿ, ಮಳೆ, ಗಾಳಿ, ಭೂಫಲಕಗಳ ಚಲನೆ ಹಳೆಯ ಬಂಡೆಗಳನ್ನು ಸವೆಸುತ್ತ, ಕರಗಿಸುತ್ತ, ಹೊಸದಾಗಿ ಎರಕ ಹೊಯ್ಯುತ್ತ ಬಂದಿವೆ. ಆದರೆ ಆಕಾಶದಿಂದ ಬೀಳುವ ಇಂಥ ಉಲ್ಕಾಶಿಲೆಗಳ ತವರಾದ ಕ್ಷುದ್ರಗ್ರಹಗಳು ಚಿಕ್ಕವು, ಬೇಗ ತಣ್ಣಗಾದವು. ಅವುಗಳ ಒಡಲಿನಲ್ಲಿ ಹಳೆಯ ಲೆಕ್ಕ ಅಳಿಯದೆ ಉಳಿಯಿತು.

ಆ ಲೆಕ್ಕ ಸೀಸದ್ದು. ಯುರೇನಿಯಂ ನಿಗದಿತ ವೇಗದಲ್ಲಿ ಕ್ಷಯಿಸಿ ಸೀಸವಾಗುತ್ತದೆ. ಆದರೆ ಮೊದಲಿಗೇ ಇದ್ದ ಸೀಸ ಎಂಥದು ಎಂದು ತಿಳಿಯದೆ, ಆಮೇಲೆ ಸೇರಿದ್ದು ಎಷ್ಟೆಂದು ಹೇಳುವುದು ಹೇಗೆ? ಕ್ಯಾನ್ಯನ್ ಡಯಾಬ್ಲೊದಲ್ಲಿರುವ ಕಬ್ಬಿಣ–ಗಂಧಕದ ಖನಿಜದಲ್ಲಿ ಯುರೇನಿಯಂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಅದರಲ್ಲಿರುವುದು ಸೌರಮಂಡಲದ ಮೂಲ ಸೀಸ. ಅಮೆರಿಕದ ಭೂರಸಾಯನ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ ಅದನ್ನು ಬೇರೆ ಉಲ್ಕಾಶಿಲೆಗಳ ಸೀಸದೊಡನೆ, ಸಾಗರತಳದ ಕೆಸರಿನ ಸೀಸದೊಡನೆ ಹೋಲಿಸಿದರು. ಮೂರೂ ಒಂದೇ ಲೆಕ್ಕಕ್ಕೆ ಕೂಡಿಬಂದವು. 1956ರಲ್ಲಿ ಅವರು ಪ್ರಕಟಿಸಿದ ವಯಸ್ಸು 455 ಕೋಟಿ ವರ್ಷ.

ಕೆಲಸ ಸುಲಭವಾಗಿರಲಿಲ್ಲ. ಪ್ರಯೋಗಾಲಯದ ಗಾಳಿ, ನೀರು, ಪಾತ್ರೆ, ಮೈಮೇಲಿನ ಬಟ್ಟೆ, ಎಲ್ಲೆಲ್ಲೂ ಸೀಸ! ಅದನ್ನು ದೂರವಿಡಲು ಪ್ಯಾಟರ್ಸನ್ ಅತಿ ಶುಚಿಯಾದ ಪ್ರಯೋಗಾಲಯವನ್ನೇ ಕಟ್ಟಬೇಕಾಯಿತು. ಈ ಕಲಬೆರಕೆಯ ಜಾಡು ಹಿಡಿದು ಹೊರಟ ಅವರು, ಮುಂದೆ ಸೀಸ ಬೆರೆಸಿದ ಪೆಟ್ರೋಲಿನ ವಿರುದ್ಧ ದಶಕಗಳ ಕಾಲ ಹೋರಾಡಿದರು.

ಇನ್ನೂ ಹಳೆಯ ಲೆಕ್ಕ ಮತ್ತೊಂದು ಉಲ್ಕಾಶಿಲೆಯಲ್ಲಿ ಸಿಕ್ಕಿತು. 1969ರ ಫೆಬ್ರವರಿ 8ರಂದು ಮೆಕ್ಸಿಕೊದ ಅಯೆಂದೆ ಎಂಬ ಊರಿನ ಸುತ್ತ ಕಪ್ಪು ಕಲ್ಲುಗಳ ಮಳೆಯಾಯಿತು. ಒಡೆದು ನೋಡಿದರೆ ಒಳಗೆ ಬಿಳಿಯ ಚುಕ್ಕೆಗಳು. ಕ್ಯಾಲ್ಸಿಯಂ, ಅಲ್ಯೂಮಿನಿಯಂ ತುಂಬಿದ ಇಂಥ ಚುಕ್ಕೆಗಳ ವಯಸ್ಸು ಸುಮಾರು 456.7 ಕೋಟಿ ವರ್ಷ. ಎಳೆಯ ಸೂರ್ಯನ ಸುತ್ತ ಸುತ್ತುತ್ತಿದ್ದ ಬಿಸಿ ಅನಿಲ ಆರಿದಾಗ ಮೊದಲು ಗಟ್ಟಿಯಾದದ್ದು ಅವೇ. ಬೇಗ ಕ್ಷಯಿಸುವ ಅಲ್ಯೂಮಿನಿಯಂ-26ರ ಗುರುತನ್ನೂ ವಿಜ್ಞಾನಿಗಳು ಅವುಗಳಲ್ಲಿ ಕಂಡರು. ಅದರ ಶಾಖಕ್ಕೆ ಆ ಕಾಲದ ಎಷ್ಟೋ ಪುಟ್ಟ ಕಾಯಗಳು ಒಳಗಿನಿಂದಲೇ ಕರಗಿದವು. ಭಾರದ ಕಬ್ಬಿಣ ನಡುವಿಗೆ ಇಳಿಯಿತು, ಹಗುರ ಶಿಲೆ ಮೇಲೆ ಉಳಿಯಿತು. ಇಂಥ ಕಾಯಗಳು ಡಿಕ್ಕಿ ಹೊಡೆದು ಒಂದಾಗುತ್ತಲೇ ಭೂಮಿ ಬೆಳೆಯಿತು. ಒಡೆದು ಚೆದುರಿದವುಗಳ ತಿರುಳೇ ಹೆಚ್ಚಿನ ಕಬ್ಬಿಣದ ಉಲ್ಕಾಶಿಲೆಗಳು. ನಮ್ಮ ಕಾಲಡಿಯಲ್ಲಿ ಸುಮಾರು 2,900 ಕಿಲೋಮೀಟರ್ ಆಳದಿಂದ ಶುರುವಾಗುವ ಭೂಮಿಯ ತಿರುಳಿನಲ್ಲೂ ಇರುವುದು ಮುಖ್ಯವಾಗಿ ಕಬ್ಬಿಣ, ನಿಕ್ಕಲ್.

ಭೂಮಿಯಲ್ಲಿ ಈವರೆಗೆ ಸಿಕ್ಕಿರುವ ಅತಿ ಹಳೆಯ ಖನಿಜ ಪಶ್ಚಿಮ ಆಸ್ಟ್ರೇಲಿಯಾದ ಜಾಕ್ ಹಿಲ್ಸ್‌ನ ಜಿರ್ಕಾನ್ ಹರಳು. ವಯಸ್ಸು ಸುಮಾರು 440 ಕೋಟಿ ವರ್ಷ. ಅದಕ್ಕೂ ಹಿಂದಿನ ಭೂಮಿಯ ಒಂದು ಹರಳೂ ನಮ್ಮ ಕೈಯಲ್ಲಿಲ್ಲ. ಆ ದಿನಗಳನ್ನು ತಿಳಿಯಲು ವಿಜ್ಞಾನಿಗಳು ಇಂದಿಗೂ ಉಲ್ಕಾಶಿಲೆಗಳತ್ತಲೇ ತಿರುಗುತ್ತಾರೆ.