ತಿಂದ ರೊಟ್ಟಿ ರಕ್ತ ಸೇರೋದು ಎಲ್ಲಿ?

ಸೇಡಂ ಇರಲಿ, ಚಿಂಚೋಳಿ ಇರಲಿ, ಮಧ್ಯಾಹ್ನದ ತಾಟಿನಲ್ಲಿ ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಇವುಗಳ ಸತ್ವ ರಕ್ತಕ್ಕೆ ಸೇರೋದು ಜಠರದಲ್ಲಲ್ಲ, ಬಹುತೇಕ ಸಣ್ಣ ಕರುಳಿನಲ್ಲಿ.

ಸುಮಾರು 6 ಮೀಟರ್ ಉದ್ದದ ಕೊಳವೆ ಅದು. ಒಳಗೋಡೆ ತುಂಬಾ ಮಡಿಕೆಗಳು. ಮಡಿಕೆಗಳ ಮೇಲೆ ಒಂದು ಮಿಲಿಮೀಟರಿಗೂ ಮೀರದ, ಬೆರಳಿನಂಥ ಚಾಚುಗಳು, ಅಂದ್ರೆ ವಿಲ್ಲೈಗಳು. ಅವುಗಳ ಕೋಶಗಳ ಮೇಲೆ ಇನ್ನೂ ಸೂಕ್ಷ್ಮವಾದ ಎಳೆಗಳು. ಎಲ್ಲವನ್ನೂ ಬಿಡಿಸಿ ಹಾಸಿದರೆ ಸುಮಾರು 30 ಚದರ ಮೀಟರ್, ಅಂದ್ರೆ ಶಹಾಬಾದ್ ಫರಸಿ ಹಾಸಿದ ದೊಡ್ಡ ಕೋಣೆಯಷ್ಟು ಜಾಗ!

ರೊಟ್ಟಿಯ ಪಿಷ್ಟ ಗ್ಲೂಕೋಸ್ ಆಗಿ, ಬೇಳೆಯ ಪ್ರೋಟೀನ್ ಅಮೈನೋ ಆಮ್ಲಗಳಾಗಿ ಒಡೆದು, ವಿಲ್ಲೈಯೊಳಗಿನ ರಕ್ತನಾಳ ಹಿಡಿದು ಮೊದಲು ಯಕೃತ್ತಿಗೆ ಹೋಗ್ತವೆ. ಶೇಂಗಾದ ಎಣ್ಣೆಯಂಶಕ್ಕೆ ಬೇರೆ ದಾರಿ: ದುಗ್ಧನಾಳ.

ಈಗ ಕಬ್ಬಿಣದ ಮಾತು. ಇದನ್ನ ಗಮನವಿಟ್ಟು ಕೇಳಿ. ಜೋಳದಲ್ಲೂ ತೊಗರಿಯಲ್ಲೂ ಕಬ್ಬಿಣ ಇದೆ. ಆದರೆ ಅವುಗಳಲ್ಲೇ ಇರೋ ಫೈಟೇಟ್ ಅನ್ನೋ ಅಂಶ ಅದನ್ನ ಬಿಗಿಯಾಗಿ ಹಿಡಿದಿರುತ್ತೆ. ಹಾಗಾಗಿ ಕರುಳಿಗೆ ದಕ್ಕೋದು ಸ್ವಲ್ಪವೇ. ಊಟದ ಮೇಲೆ ನಿಂಬೆ ಹಿಂಡಿದ್ರೆ, ಅದರ ವಿಟಮಿನ್ ಸಿ ಕಬ್ಬಿಣವನ್ನ ಕರುಳು ಹೀರುವ ರೂಪಕ್ಕೆ ತರುತ್ತೆ. ಊಟದ ಜೊತೆಗೇ ಚಹಾ ಕುಡಿದ್ರೆ ಉಲ್ಟಾ: ಚಹಾದ ಪಾಲಿಫಿನಾಲ್‌ಗಳು ಕಬ್ಬಿಣಕ್ಕೆ ಅಂಟಿಕೊಂಡು ಅದನ್ನ ಒಳಗೆ ಬಿಡಲ್ಲ.

ವಾಡಿಯ ಅಣ್ಣಂದಿರೇ, ಚಿತ್ತಾಪುರದ ಅಕ್ಕಂದಿರೇ, ಚಹಾ ಬಿಡಿ ಅನ್ನಲ್ಲ. ಊಟ ಆಗಿ ಒಂದು ತಾಸು ಕಳೀಲಿ. ಗರ್ಭಿಣಿಯರು ಕಬ್ಬಿಣದ ಗುಳಿಗೆಯನ್ನೂ ಚಹಾದ ಜೊತೆ ನುಂಗಬೇಡಿ, ನೀರಿನ ಜೊತೆ ತಗೊಳ್ಳಿ.