ಹುಲ್ಲೇ ಹೊನ್ನಾದ ನಾಡು

ಮನುಷ್ಯನು ಹುಲ್ಲು ತಿಂದು ಬದುಕಲಾರನು. ಹುಲ್ಲಿನ ನಾರನ್ನು ಅರಗಿಸುವ ಶಕ್ತಿ ಅವನ ಜಠರಕ್ಕಿಲ್ಲ. ಆದರೂ ಹುಲ್ಲಲ್ಲದೆ ಹೆಚ್ಚೇನೂ ಬೆಳೆಯದ ನೆಲದಲ್ಲಿ ಜನರು ಸಾವಿರಾರು ವರ್ಷಗಳಿಂದ ಬಾಳಿದ್ದಾರೆ. 13ನೆಯ ಶತಮಾನದಲ್ಲಿ ಜಗತ್ತೇ ಬೆರಗಾಗುವಂಥ ಸಾಮ್ರಾಜ್ಯವನ್ನೂ ಕಟ್ಟಿದರು. ಇದು ಹೇಗೆ ಸಾಧ್ಯವಾಯಿತು? ಇದರ ಗುಟ್ಟು ಅವರ ಬಿಲ್ಲುಬಾಣಗಳಲ್ಲಿ ಮಾತ್ರವಲ್ಲ, ಅವರ ಮಂದೆಗಳಲ್ಲಿಯೂ ಅಡಗಿದ್ದಿತು.

ಕಪ್ಪುಸಮುದ್ರದ ಉತ್ತರದಿಂದ ಮಂಗೋಲಿಯದವರೆಗೆ ಹಬ್ಬಿರುವ ವಿಶಾಲವಾದ ಹುಲ್ಲುಗಾವಲಿಗೆ ಸ್ಟೆಪ್ ಎಂದು ಹೆಸರು. ಅದರ ಪೂರ್ವ ಭಾಗದಲ್ಲಿ ಮಳೆ ಕಡಮೆ. ಚಳಿಗಾಲದಲ್ಲಿ ಉಷ್ಣತೆಯು ಸೊನ್ನೆಗಿಂತ 30 ಡಿಗ್ರಿ ಸೆಂಟಿಗ್ರೇಡ್ ಕೆಳಕ್ಕೂ ಇಳಿಯುವುದುಂಟು. ಅಲ್ಲಿನ ಮಂಗೋಲರು ಬೇಸಾಯವನ್ನು ನೆಚ್ಚದೆ ಕುದುರೆ, ಕುರಿ, ಆಡು, ದನ, ಒಂಟೆ ಎಂಬ ಐದು ಬಗೆಯ ಪ್ರಾಣಿಗಳನ್ನು ಸಾಕಿದರು. ಒಂದೊಂದಕ್ಕೂ ಒಂದೊಂದು ಕೆಲಸ. ಕುರಿಯು ಮಾಂಸವನ್ನೂ ಉಣ್ಣೆಯನ್ನೂ ಕೊಟ್ಟಿತು. ಆ ಉಣ್ಣೆಯನ್ನು ನೇಯದೆ, ನೆನೆಸಿ ಒತ್ತಿ ಮಾಡಿದ ದಪ್ಪ ಹಾಸೇ ಅವರ ಗುಡಾರದ ಗೋಡೆ ಮತ್ತು ಮಾಡು. ಎರಡು ಡುಬ್ಬಗಳ ಒಂಟೆ ಹೊರೆ ಹೊತ್ತಿತು. ಮರವಿಲ್ಲದ ಬಯಲಿನಲ್ಲಿ ಒಣಗಿದ ಸಗಣಿಯೇ ಸೌದೆಯಾಯಿತು. ಕುದುರೆಯಾದರೋ ಸವಾರಿಗೆ ಮಾತ್ರವಲ್ಲ; ಅದು ಗೊರಸಿನಿಂದ ಹಿಮವನ್ನು ಕೆದರಿ ಹುಲ್ಲನ್ನು ಹೊರಗೆಡಹುತ್ತದೆ. ಅದು ಮೇದುಹೋದ ಎಡೆಯಲ್ಲಿ ಕುರಿಗಳು ಮೇಯುತ್ತವೆ.

1253ರಿಂದ 1255ರವರೆಗೆ ಈ ನಾಡಿನಲ್ಲಿ ಸಂಚರಿಸಿದ ಕ್ರೈಸ್ತ ಸಂನ್ಯಾಸಿ ರುಬ್ರುಕ್‌ನ ವಿಲಿಯಂ, ಹೆಣ್ಣುಕುದುರೆಯ ಹಾಲಿನಿಂದ ಕುಮಿಸ್ ಎಂಬ ಪಾನೀಯವನ್ನು ಮಾಡುವ ರೀತಿಯನ್ನು ವರ್ಣಿಸಿದ್ದಾನೆ. ದೊಡ್ಡ ತೊಗಲಿನ ಚೀಲಕ್ಕೆ ಹಾಲನ್ನು ಸುರಿದು, ಮರದ ದಪ್ಪ ಕೋಲಿನಿಂದ ಬಡಿಯುತ್ತ ಬಂದರೆ ಅದು ಗುಳ್ಳೆಯೆದ್ದು ಹುಳಿಯಾಗುತ್ತದೆ. ಇಲ್ಲಿ ನಡೆಯುವ ಕ್ರಿಯೆ ನಮಗೆ ಅಪರಿಚಿತವಲ್ಲ. ನಮ್ಮ ಮೊಸರಿನಲ್ಲಿರುವಂತೆಯೇ ಬ್ಯಾಕ್ಟೀರಿಯಗಳು ಹಾಲಿನ ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಜೊತೆಗೆ ಯೀಸ್ಟ್ ಅದರಿಂದ ಸ್ವಲ್ಪ ಮದ್ಯಸಾರವನ್ನೂ ಉಂಟುಮಾಡುತ್ತದೆ. ವಯಸ್ಕರಾದ ಮಂಗೋಲರಲ್ಲಿ ಬಹುಮಂದಿಗೆ ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಸಾಕಷ್ಟಿರುವುದಿಲ್ಲ. ಆ ಕೆಲಸದ ಒಂದು ಭಾಗವನ್ನು ಸೂಕ್ಷ್ಮಜೀವಿಗಳೇ ತೊಗಲಿನ ಚೀಲದಲ್ಲಿ ಮುಗಿಸಿಕೊಡುತ್ತಿದ್ದವು!

ಮಂದೆಯು ಮನೆಯ ಅವಶ್ಯಕತೆಗಳನ್ನೆಲ್ಲ ಪೂರೈಸಲಿಲ್ಲ. ಧಾನ್ಯ, ಬಟ್ಟೆ, ಕಬ್ಬಿಣಗಳಿಗಾಗಿ ನೆರೆಯ ಬೇಸಾಯಗಾರರೊಡನೆ ವ್ಯಾಪಾರ ಬೇಕಾಗಿದ್ದಿತು. ಈ ವ್ಯಾಪಾರವು ನಮ್ಮ ದೇಶವನ್ನೂ ಮುಟ್ಟಿತು. 1330ರ ದಶಕದಲ್ಲಿ ಸ್ಟೆಪ್ಪಿನ ಪಶ್ಚಿಮ ಭಾಗವನ್ನು ಕಂಡ ಇಬ್ನ್ ಬತೂತನು, ವರ್ತಕರು ಒಬ್ಬೊಬ್ಬರೂ ನೂರು ಇನ್ನೂರು ಕುದುರೆಗಳೊಡನೆ ಸೇರಿ, ಸುಮಾರು 6000 ಕುದುರೆಗಳ ಹಿಂಡುಗಳನ್ನು ಭಾರತಕ್ಕೆ ಹೊಡೆದುಕೊಂಡು ಬರುತ್ತಿದ್ದರೆಂದು ಬರೆದಿದ್ದಾನೆ. ದಾರಿಯಲ್ಲಿ ಹಲವು ಸತ್ತರೂ, ಸುಂಕ ತೆತ್ತರೂ ಲಾಭಕ್ಕೆ ಕೊರತೆಯಿರಲಿಲ್ಲ. ಸ್ಟೆಪ್ಪಿನಲ್ಲಿ ಅಗ್ಗವಾಗಿದ್ದ ಕುದುರೆಗೆ ದೆಹಲಿಯ ಸುಲ್ತಾನರ ರಾಜ್ಯದಲ್ಲಿ ಹಲವು ಮಡಿ ಬೆಲೆ ದೊರೆಯುತ್ತಿದ್ದಿತು.

ಆದರೆ ಈ ಸಂಪತ್ತು ಎಷ್ಟು ಅಸ್ಥಿರ! ಧಾನ್ಯವನ್ನು ಕಣಜದಲ್ಲಿ ತುಂಬಿಡಬಹುದು. ಜೀವಂತ ಮಂದೆಗೆ ದಿನವೂ ಮೇವು ಬೇಕು. ಬೇಸಗೆಯಲ್ಲಿ ಬರ ಬಿದ್ದು, ಚಳಿಗಾಲದಲ್ಲಿ ಹುಲ್ಲಿನ ಮೇಲೆ ಮಂಜುಗಡ್ಡೆ ಕಟ್ಟಿದರೆ ಕುದುರೆಯ ಗೊರಸೂ ಸೋಲುತ್ತದೆ. ಈ ವಿಪತ್ತಿಗೆ ಮಂಗೋಲರು ‘ಜುದ್’ ಎನ್ನುತ್ತಾರೆ. ಸಿರಿವಂತನು ಒಂದೇ ಚಳಿಗಾಲದಲ್ಲಿ ಭಿಕಾರಿಯಾಗಬಹುದು. ಇಂದಿನ ಮಂಗೋಲಿಯಕ್ಕೂ ಇದು ಹಳೆಯ ಕಥೆಯಲ್ಲ. 2009–10ರ ಚಳಿಗಾಲದಲ್ಲಿ ಅಲ್ಲಿನ ಜಾನುವಾರುಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಸತ್ತುಹೋದವು.

ಹಾಗಾದರೆ ಚಂಗೀಸಖಾನನ ಕಾಲದಲ್ಲಿ ಹವೆ ಹೇಗಿದ್ದಿತು? ಮರಗಳು ಇದಕ್ಕೆ ಸಾಕ್ಷಿ ನುಡಿದಿವೆ. ಮಳೆ ಹೆಚ್ಚಾದ ವರ್ಷ ಕಾಂಡದಲ್ಲಿ ಅಗಲವಾದ ಉಂಗುರ ಮೂಡುತ್ತದೆ. ಬರಗಾಲದ ವರ್ಷ ಕಿರಿದಾದುದು. ಮಂಗೋಲಿಯದ ಪುರಾತನ ಪೈನ್ ಮರಗಳ ಉಂಗುರಗಳನ್ನು ಅಳೆದ ವಿಜ್ಞಾನಿಗಳು, 1211ರಿಂದ 1225ರವರೆಗಿನ 15 ವರ್ಷಗಳು ಸತತವಾಗಿ ತೇವಭರಿತವಾಗಿದ್ದುವೆಂದು 2014ರಲ್ಲಿ ಪ್ರಕಟಿಸಿದರು. ಹುಲ್ಲು ಹೆಚ್ಚಿದಂತೆ ಕುದುರೆಗಳು ಹೆಚ್ಚಿ, ಸೈನ್ಯಕ್ಕೆ ಬಲ ಬಂದಿರಬೇಕೆಂಬುದು ಅವರ ಊಹೆ. ಮಳೆಯೊಂದರಿಂದಲೇ ಸಾಮ್ರಾಜ್ಯ ಹುಟ್ಟಿತೆಂದು ನಾವು ಹೇಳಲಾಗದು. ಆದರೆ ಹುಲ್ಲಿಲ್ಲದೆ ಕುದುರೆಯಿಲ್ಲ, ಕುದುರೆಯಿಲ್ಲದೆ ಆ ಸಾಮ್ರಾಜ್ಯವಿಲ್ಲ. ರಾಜರ ಚರಿತ್ರೆಯನ್ನು ಓದುವಾಗ ಅವರ ಕಾಲ ಕೆಳಗಿನ ಹುಲ್ಲಿನ ಚರಿತ್ರೆಯನ್ನೂ ನಾವು ಓದಬೇಕಾಗಿದೆ.