ಮಿದುಳಿನ ಗ್ರಾಹಕಗಳು ಮತ್ತು ಔಷಧದ ಪರಿಣಾಮ

ಬೆಲ್ಲದ ಮಾರುಕಟ್ಟೆಗೆ ಹೆಸರಾದ ಅನಕಾಪಲ್ಲಿಯ ಉತ್ತರಕ್ಕಿರುವ ಅರಕು ಕಣಿವೆಯಲ್ಲಿಯೂ ಕರ್ನಾಟಕದ ಚಿಕ್ಕಮಗಳೂರಿನಲ್ಲಿಯೂ ಬೆಳೆಯುವ ಕಾಫಿಯು ದಣಿವನ್ನು ನೀಗುವುದೆಂಬುದು ಎಲ್ಲರ ಅನುಭವ. ಇದರ ಹಿಂದಿರುವ ಕ್ರಿಯೆಯು ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆಗೂ ಸಂಬಂಧಿಸಿದೆ.

ನರಕೋಶಗಳು ರಾಸಾಯನಿಕಗಳ ಮೂಲಕ ಸಂದೇಶಗಳನ್ನು ಕಳುಹಿಸುತ್ತವೆ. ಅವುಗಳನ್ನು ಸ್ವೀಕರಿಸುವ ಪ್ರೋಟೀನುಗಳೇ ಗ್ರಾಹಕಗಳು. ಚಲನೆ ಹಾಗೂ ಉತ್ಸಾಹಗಳಿಗೆ ಅಗತ್ಯವಾದ ಡೋಪಮಿನ್‌ಗೆ ಐದು ಬಗೆಯ ಗ್ರಾಹಕಗಳಿವೆ. ಇವುಗಳಲ್ಲಿ ಡಿ-2 ಎಂಬುದು, ಚಲನೆಯನ್ನು ನಿಯಂತ್ರಿಸುವ ಮಿದುಳಿನ ಭಾಗದ ಕೆಲವು ಕೋಶಗಳಲ್ಲಿ, ಅಡೆನೊಸಿನ್ ಎಂಬ ರಾಸಾಯನಿಕದ ಎ-2ಎ ಗ್ರಾಹಕದೊಡನೆ ಜೋಡಿಯಾಗಿರುತ್ತದೆ. ಎಚ್ಚರವಿದ್ದಷ್ಟು ಹೊತ್ತೂ ಅಡೆನೊಸಿನ್ ಹೆಚ್ಚುತ್ತ ಹೋಗುತ್ತದೆ. ಅದು ತನ್ನ ಗ್ರಾಹಕವನ್ನು ಸೇರಿದಾಗ, ಡೋಪಮಿನ್ ಅನ್ನು ಹಿಡಿದಿಡುವ ಡಿ-2ರ ಶಕ್ತಿ ಕುಗ್ಗುತ್ತದೆ. ಅಂದರೆ ಡೋಪಮಿನ್‌ನ ಪ್ರಮಾಣ ಅಷ್ಟೇ ಇದ್ದರೂ ಅದರ ಸಂದೇಶ ಕ್ಷೀಣಿಸುತ್ತದೆ. ಕಾಫಿಯಲ್ಲಿರುವ ಕೆಫೀನ್, ಅಡೆನೊಸಿನ್‌ನ ಸ್ಥಾನವನ್ನು ಆಕ್ರಮಿಸಿ ಈ ತಡೆಯನ್ನು ಸಡಿಲಿಸುತ್ತದೆ.

ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮಿನ್ ತಯಾರಿಸುವ ಕೋಶಗಳು ನಶಿಸುತ್ತವೆ. ಇದರ ಮುಖ್ಯ ಔಷಧ ಲೆವೊಡೋಪಾ. ವರ್ಷಗಳು ಕಳೆದಂತೆ, ಮುಂದಿನ ಗುಳಿಗೆಯ ಹೊತ್ತು ಬರುವ ಮುನ್ನವೇ ಹಿಂದಿನದರ ಪರಿಣಾಮ ಇಳಿದು, ರೋಗಿಯ ಕೈಕಾಲುಗಳು ಮತ್ತೆ ಬಿಗಿಯುತ್ತವೆ. ಈ ಅವಧಿಯನ್ನು ತಗ್ಗಿಸಲು, ಲೆವೊಡೋಪಾದ ಜೊತೆಗೆ ಕೊಡುವ ಇಸ್ಟ್ರಾಡೆಫಿಲಿನ್ ಎಂಬ ಎ-2ಎ ತಡೆ ಔಷಧಕ್ಕೆ ಜಪಾನ್ 2013ರಲ್ಲಿ, ಅಮೆರಿಕ 2019ರಲ್ಲಿ ಅನುಮತಿ ನೀಡಿದವು.

ಆದರೆ ಕಾಫಿಯು ಈ ಕಾಯಿಲೆಗೆ ಮದ್ದಲ್ಲ. 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕೆಫೀನ್ ಸೇವನೆಯಿಂದ ರೋಗಿಗಳ ಚಲನೆ ಸುಧಾರಿಸಲಿಲ್ಲ. ಲೆವೊಡೋಪಾವನ್ನು ಹಠಾತ್ತನೆ ನಿಲ್ಲಿಸಿದರೆ ಪ್ರಾಣಾಪಾಯವೂ ಒದಗಬಹುದು. ಆದ್ದರಿಂದ ಔಷಧದಲ್ಲಿ ಯಾವುದೇ ಬದಲಾವಣೆಯನ್ನು ವೈದ್ಯರ ಸಲಹೆಯಂತೆಯೇ ಮಾಡತಕ್ಕದ್ದು.